ಅಮ್ಮನಿಗೆ ಏಳು ಪದ ನೆನಪಿತ್ತು: ಮರೆವಿನ ಕಾಯಿಲೆಯನ್ನು ಅಳೆಯುವವರಿಗೆ ಒಂದು ಬಹಿರಂಗ ಪತ್ರ

ಮರೆವಿನ ಕಾಯಿಲೆಗೆ ಔಷಧ ಹುಡುಕುವವರಿಗೆ, ಆ ಹುಡುಕಾಟಕ್ಕೆ ಹಣ ಕೊಡುವವರಿಗೆ, ಸಿಕ್ಕ ಔಷಧಕ್ಕೆ ಪರವಾನಗಿ ಕೊಡುವವರಿಗೆ, ಮತ್ತು ಪರೀಕ್ಷೆಯ ಕೋಣೆಯಲ್ಲಿ ರೋಗಿಯ ಎದುರು ಕೂರುವ ಡಾಕ್ಟರ್‌ಗಳಿಗೆ,

ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಅಲ್ಜೈಮರ್ಸ್ ಬಂದ ಒಬ್ಬ ಅಮ್ಮನ ಮಗಳು. ಎಂಟು ವರ್ಷದಿಂದ ಈ ಕಾಯಿಲೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದುತ್ತಾ ಓದುತ್ತಾ, ಗಂಡು ಹೆಣ್ಣಿನ ವ್ಯತ್ಯಾಸವನ್ನು ನೀವು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಒಂದು ಸಿಟ್ಟು ಬೆಳೆದಿದೆ. ಅದನ್ನು ಮನೆಯಲ್ಲೇ ಗೊಣಗಿಕೊಂಡು ಕೂರುವ ಬದಲು ನಿಮ್ಮ ಮುಂದೆಯೇ ಇಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಆ ಕೋಣೆಯ ಕತೆ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಗಡಿಯಾರ ಬಿಚ್ಚಿದ ಗುರುತು. ಗಡಿಯಾರದ ಚಿತ್ರ ಬರೆಯಿರಿ ಅಂತ ಕೇಳುವಾಗ ನೋಡಿ ಬರೆಯಬಾರದಲ್ಲ, ಅದಕ್ಕೆ. ಪರೀಕ್ಷೆ ಮಾಡುವ ಹುಡುಗಿ ಹತ್ತು ಪದ ಓದಿದಳು. ಐದು ನಿಮಿಷ ಬೇರೆ ಏನೇನೋ ಮಾತಾಡಿಸಿ, "ಈಗ ಆ ಪದಗಳನ್ನ ಹೇಳಿ ಅಮ್ಮಾ" ಅಂದಳು. ಅಮ್ಮ ಬೆರಳು ಮಡಚುತ್ತಾ ಹೇಳಿದಳು. ಕುದುರೆ, ಕಿಟಕಿ, ಮಳೆ... ಒಟ್ಟು ಏಳು. ಏಳನೆಯದು ಬಂದಾಗ ನನ್ನ ಕಡೆ ತಿರುಗಿ ನಕ್ಕಳು. ಪರೀಕ್ಷೆ ಪಾಸಾದ ಹುಡುಗಿಯ ನಗು. ವರದಿಯಲ್ಲಿ "ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ" ಅಂತ ಬಂತು. ಮೆಟ್ಟಿಲಿಳಿಯುವಾಗ ಅಮ್ಮ ಕೇಳಿದಳು: "ನಾವು ಇಲ್ಲಿ ಯಾರನ್ನ ನೋಡೋಕೆ ಬಂದಿದ್ವಿ?"

ನಮ್ಮಮ್ಮ ಪದಬಂಧವನ್ನು ಪೆನ್ನಿನಲ್ಲೇ ತುಂಬುತ್ತಿದ್ದವಳು. ಪೆನ್ಸಿಲ್ ಹಿಡಿದರೆ ಅವಳಿಗೆ ಅವಮಾನ. ನೆಂಟರಿಷ್ಟರ ಫೋನ್ ನಂಬರುಗಳೆಲ್ಲ ಬಾಯಲ್ಲೇ ಇರುತ್ತಿದ್ದವು. ಅಂಥವಳು ಹತ್ತರಲ್ಲಿ ಮೂರು ಪದ ಬಿಟ್ಟಳು ಅಂದರೆ ಮನೆಯವರಾದ ನಮಗೆ ಅದು ದೊಡ್ಡ ಕುಸಿತ. ಆದರೆ ಅಂಕ ತಾಳೆ ನೋಡುವ ನಿಮ್ಮ ಕೋಷ್ಟಕಕ್ಕೆ ಏಳು ಅಂದರೆ ಏಳು. ಎರಡು ವರ್ಷ ಕಳೆದು ಮತ್ತೆ ಹೋದಾಗ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರ್ "ಇಷ್ಟು ತಡ ಯಾಕೆ ಮಾಡಿದಿರಿ" ಅಂತ ನನ್ನನ್ನೇ ಕೇಳಿದರು.

ಇದು ನಮ್ಮ ಮನೆಯೊಂದರ ಗೋಳಾಗಿದ್ದರೆ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಪದಗಳನ್ನು ನೆನಪಿಟ್ಟುಕೊಳ್ಳುವುದರಲ್ಲಿ ಸರಾಸರಿ ಲೆಕ್ಕದಲ್ಲಿ ಹೆಂಗಸರು ಗಂಡಸರಿಗಿಂತ ಸ್ವಲ್ಪ ಮುಂದೆ ಅನ್ನುವುದು ನಿಮಗೆ ಬಹಳ ಹಿಂದಿನಿಂದ ಗೊತ್ತು. ಕಾಯಿಲೆಯ ಮೊದಲ ಹಂತದಲ್ಲಿ ಮಿದುಳಿಗೆ ಆದ ಹಾನಿ ಇಬ್ಬರಲ್ಲೂ ಒಂದೇ ಮಟ್ಟದಲ್ಲಿದ್ದರೂ ಹೆಂಗಸರು ಪದಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆಯುತ್ತಾರೆ ಅನ್ನುವುದೂ ಸಂಶೋಧನೆಗಳಲ್ಲಿ ಬಂದಿದೆ. ಅಂದರೆ ಕೈಯಲ್ಲಿದ್ದ ಉಳಿತಾಯವೇ ಕಾಯಿಲೆಯನ್ನು ಮುಚ್ಚಿಡುತ್ತದೆ. ಉಳಿತಾಯ ಖಾಲಿಯಾದ ದಿನ ಎಲ್ಲ ಒಟ್ಟಿಗೆ ಕುಸಿಯುತ್ತದೆ. ಮನೆಯವರಿಗೆ "ಮೊನ್ನೆ ಮೊನ್ನೆ ಚೆನ್ನಾಗಿದ್ದರಲ್ಲ" ಅನ್ನಿಸುವುದು ಅದಕ್ಕೇ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಅಂಕದ ಗೆರೆ ಇಟ್ಟು ನೋಡಿದಾಗ, ತಪ್ಪಿಹೋಗುತ್ತಿದ್ದ ಕೆಲವು ಹೆಂಗಸರು ಸಿಕ್ಕರು. ಸುಮ್ನೆ ಕಾಯಿಲೆಯ ಹಣೆಪಟ್ಟಿ ಹೊತ್ತಿದ್ದ ಕೆಲವು ಗಂಡಸರು ಬಚಾವಾದರು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಔಷಧ ಬೇಕಿಲ್ಲ. ಒಂದು ಕೋಷ್ಟಕ ಎರಡಾದರೆ ಆಯಿತು. ಅದಿನ್ನೂ ಎಲ್ಲ ಕಡೆ ಬಂದಿಲ್ಲ ಅಲ್ವಾ? ಯಾಕೆ?

ಈ ಕಾಯಿಲೆಯ ಮೊದಲ ರೋಗಿಯೇ ಒಬ್ಬ ಹೆಂಗಸು. ಆಗುಸ್ಟೆ ಡೇಟರ್. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಅವಳಿಗೆ 51 ವರ್ಷ. ಡಾಕ್ಟರ್ ಆಲೊಯಿಸ್ ಆಲ್ಜೈಮರ್ ಅವಳ ಎದುರು ಕೂತು ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದುಕೊಂಡರು. ನಿನ್ನ ಹೆಸರು ಬರಿ ಅಂದರೆ ಪೂರ್ತಿ ಬರೆಯಲು ಅವಳಿಗೆ ಆಗಲಿಲ್ಲ. "ನನ್ನನ್ನು ನಾನೇ ಕಳೆದುಕೊಂಡಿದ್ದೇನೆ" ಅಂದಳು. 1906ರಲ್ಲಿ ತೀರಿಕೊಂಡಳು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ನಡೆದ ಸಭೆಯಲ್ಲಿ ಆಲ್ಜೈಮರ್ ಅವಳ ಮಿದುಳಿನಲ್ಲಿ ಕಂಡದ್ದನ್ನು ವಿವರಿಸಿದರು. ಕಾಯಿಲೆಗೆ ಡಾಕ್ಟರ ಹೆಸರು ಬಂತು. ಅದಿರಲಿ, ಅದು ವಾಡಿಕೆ. ಅವಳ ವಯಸ್ಸು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. 51. ಹೆಚ್ಚಿನ ಹೆಂಗಸರಿಗೆ ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸು. ಒಂದು ಕೇಸಿನಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತು. ಆದರೆ ಮುಟ್ಟು ನಿಲ್ಲುವುದಕ್ಕೂ ಈ ಕಾಯಿಲೆಗೂ ನಂಟಿದೆಯೇ ಅನ್ನುವ ಪ್ರಶ್ನೆ ಮೊದಲ ರೋಗಿಯ ಹಾಸಿಗೆಯ ಮೇಲೇ ಮಲಗಿತ್ತು. ಅದನ್ನು ಸರಿಯಾಗಿ ಕೇಳಲು ಹತ್ತಿರ ಹತ್ತಿರ ನೂರು ವರ್ಷ ತೆಗೆದುಕೊಂಡಿರಿ.

ಈ ಮಾತು ಎತ್ತಿದಾಗಲೆಲ್ಲ ನನಗೆ ಒಂದು ಉತ್ತರ ಸಿಗುತ್ತದೆ. "ಹೆಂಗಸರು ಜಾಸ್ತಿ ವರ್ಷ ಬದುಕುತ್ತಾರೆ, ಅದಕ್ಕೇ ಅವರಲ್ಲಿ ಮರೆವಿನ ಕಾಯಿಲೆ ಜಾಸ್ತಿ." ಅರ್ಧ ನಿಜ. ಈ ಕಾಯಿಲೆಗೆ ವಯಸ್ಸಿಗಿಂತ ದೊಡ್ಡ ಕಾರಣ ಇಲ್ಲ. ಅಮೆರಿಕದಲ್ಲಿ ಅಲ್ಜೈಮರ್ಸ್ ಇರುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರು. ಅದರಲ್ಲಿ ಆಯುಸ್ಸಿನ ಪಾಲು ದೊಡ್ಡದೇ. ಇನ್ನೂ ಒಂದು ಮಾತಿದೆ: ಎಂಬತ್ತು ದಾಟಿದ ಗಂಡಸರು ಅಂದರೆ ನಡುವಯಸ್ಸಿನ ಹೃದಯದ ಕಾಯಿಲೆಗಳನ್ನು ದಾಟಿ ಬಂದ ಗಟ್ಟಿಗರು. ಅವರನ್ನು ಎಲ್ಲ ಹೆಂಗಸರ ಜೊತೆ ಹೋಲಿಸಿದರೆ ತಕ್ಕಡಿ ಒಂದು ಕಡೆ ವಾಲುವುದು ಸಹಜ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಒಂದೇ ವಯಸ್ಸಿನ ಗಂಡಸು ಹೆಂಗಸರಲ್ಲಿ ಹೊಸದಾಗಿ ಕಾಯಿಲೆ ಬರುವ ಪ್ರಮಾಣ ನೋಡಿದರೆ ಯುರೋಪಿನ ಹಲವು ಅಧ್ಯಯನಗಳಲ್ಲಿ ಎಂಬತ್ತರ ನಂತರ ಹೆಂಗಸರಲ್ಲಿ ಜಾಸ್ತಿ. ಅಮೆರಿಕದ ಹಲವು ಅಧ್ಯಯನಗಳಲ್ಲಿ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ. ಹೆಣ್ಣಿನ ದೇಹ ಅಲ್ಲೂ ಒಂದೇ, ಇಲ್ಲೂ ಒಂದೇ. ಹಾಗಾದರೆ ಬೇರೆಯಾದದ್ದು ಏನು? ಬದುಕು.

ಇನ್ನೊಂದು ಒಗಟು ನೋಡಿ. 2019ರಲ್ಲಿ ಬಂದ ಒಂದು ಅಧ್ಯಯನ, ಮಿದುಳು ಸಕ್ಕರೆ ಮತ್ತು ಆಮ್ಲಜನಕ ಬಳಸುವ ರೀತಿಯಿಂದ ಅದರ ವಯಸ್ಸನ್ನು ಅಂದಾಜು ಮಾಡಿತು. ಹೆಂಗಸರ ಮಿದುಳು ಅದೇ ವಯಸ್ಸಿನ ಗಂಡಸರದಕ್ಕಿಂತ ಮೂರಕ್ಕೂ ಹೆಚ್ಚು ವರ್ಷ ಚಿಕ್ಕದಾಗಿ ಕಂಡಿತು. 2025ರಲ್ಲಿ ಬಂದ ಇನ್ನೊಂದು ಅಧ್ಯಯನ ಆರೋಗ್ಯವಂತರ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅಲ್ಲೂ ವಯಸ್ಸಾದಂತೆ ಮಿದುಳು ಕುಗ್ಗುವುದು ಗಂಡಸರಲ್ಲೇ ತುಸು ಜಾಸ್ತಿ ಇತ್ತು. ಅಂದರೆ ಹೆಂಗಸರ ಮಿದುಳು ಬೇಗ ಮುದಿಯಾಗುತ್ತದೆ, ಅದಕ್ಕೇ ಕಾಯಿಲೆ ಅನ್ನುವ ಸುಲಭದ ಉತ್ತರ ನಡೆಯುವುದಿಲ್ಲ. "ಅರವತ್ತಕ್ಕೆ ಅರಳುಮರಳು" ಅಂತ ನಾವು ಮುಪ್ಪನ್ನೂ ಕಾಯಿಲೆಯನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೇವೆ. ಗಾದೆಗೆ ಅದು ನಡೆಯುತ್ತದೆ. ನಿಮಗೆ ನಡೆಯಬಾರದು.

ಇಲ್ಲಿ ನಮ್ಮ ಭಾಷೆಯದೇ ಒಂದು ತೊಡಕು ಹೇಳಿಬಿಡುತ್ತೇನೆ. ಹುಟ್ಟುವಾಗ ದೇಹದ ಜೊತೆ ಬಂದದ್ದಕ್ಕೂ, ಆಮೇಲೆ ಸಮಾಜ ಹೇರಿದ್ದಕ್ಕೂ ನಾವು "ಲಿಂಗ" ಅನ್ನುವ ಒಂದೇ ಪದ ಬಳಸಿಬಿಡುತ್ತೇವೆ. ಎರಡನೆಯದಕ್ಕೆ "ಲಿಂಗತ್ವ" ಅಂತ ಪುಸ್ತಕದಲ್ಲಿ ಬರೆಯುತ್ತಾರೆ, ಬಾಯಲ್ಲಿ ಯಾರೂ ಅನ್ನುವುದಿಲ್ಲ. ನಾನು ಸುಲಭಕ್ಕೆ ಮೈಯ ಲೆಕ್ಕ, ಬಾಳಿನ ಲೆಕ್ಕ ಅಂತ ಕರೆಯುತ್ತೇನೆ. ಮಿದುಳಿನ ಮುಪ್ಪಿನಲ್ಲಿ ಇವೆರಡೂ ಹೆಣೆದುಕೊಂಡೇ ಬರುತ್ತವೆ.

ಮೈಯ ಲೆಕ್ಕದಲ್ಲಿ ಈಗಾಗಲೇ ಎಷ್ಟೋ ಸಿಕ್ಕಿದೆ. ಅಲ್ಜೈಮರ್ಸ್ ಸಾಧ್ಯತೆ ಹೆಚ್ಚಿಸುವ ಎಪಿಒಇ4 ಅನ್ನುವ ಜೀನ್ ರೂಪ ಇಬ್ಬರಲ್ಲೂ ಇರಬಹುದು. ಆದರೆ ಸುಮಾರು 58 ಸಾವಿರ ಜನರ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 65ರಿಂದ 75ರ ವಯಸ್ಸಿನಲ್ಲಿ ಅದರ ಏಟು ಹೆಂಗಸರಿಗೆ ಜಾಸ್ತಿ ಅಂತ ಕಂಡಿತು. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಜಾಸ್ತಿ ಸೇರಿದವರಲ್ಲಿ ಟೌ ಅನ್ನುವ ಇನ್ನೊಂದು ಪ್ರೋಟೀನ್ ಹೆಂಗಸರಲ್ಲಿ ಹೆಚ್ಚು ಸೇರಿರುವುದೂ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಇನ್ನೊಂದು ಕಡೆ, ಹೆಂಗಸರಿಗೆ ಇರುವ ಎರಡನೆಯ ಎಕ್ಸ್ ಕ್ರೋಮೋಸೋಮ್ ಮಿದುಳಿಗೆ ಒಂದಷ್ಟು ರಕ್ಷೆ ಕೊಡಬಹುದು ಅನ್ನುವ ಸುಳಿವು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಿಕ್ಕಿದೆ. ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ. ಸರಾಸರಿ ತೆಗೆದರೆ ಎರಡೂ ಕಾಣುವುದಿಲ್ಲ.

ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನ್ ಮಾತ್ರೆಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಇದರ ಬಗ್ಗೆ ಹೆಂಗಸರ ನಡುವೆ ಇರುವಷ್ಟು ಭಯ, ಗಾಳಿಸುದ್ದಿ ಬೇರೆ ಯಾವುದರ ಬಗ್ಗೆಯೂ ನಾನು ಕೇಳಿಲ್ಲ. 2003ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. 65 ದಾಟಿದ ನಾಲ್ಕೂವರೆ ಸಾವಿರ ಹೆಂಗಸರು ಅದರಲ್ಲಿದ್ದರು. ಕೆಲವರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಹಾರ್ಮೋನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಹಾರ್ಮೋನ್ ನುಂಗಿದವರಲ್ಲಿ ಡಿಮೆನ್ಶಿಯಾ (ಅಲ್ಜೈಮರ್ಸ್ ಸೇರಿ ಎಲ್ಲ ಬಗೆಯ ಮರೆವಿನ ಕಾಯಿಲೆ) ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಆಗಿತ್ತು. ಸುದ್ದಿ ಎಲ್ಲ ಕಡೆ ಹಬ್ಬಿತು. ಮುಟ್ಟು ನಿಲ್ಲುವ ಹೊತ್ತಿನ ಬಿಸಿಯುಬ್ಬರ ತಾಳಲಾರದೆ ಡಾಕ್ಟರ ಹತ್ತಿರ ಹೋದ ಐವತ್ತರ ಹೆಂಗಸರೂ ಅದೇ ಭಯ ಹೊತ್ತುಕೊಂಡು ವಾಪಸ್ ಬಂದರು. ಆದರೆ ಆ ಪ್ರಯೋಗ ನಡೆದದ್ದು ಮುಟ್ಟು ನಿಂತು ಹತ್ತು ಹದಿನೈದು ವರ್ಷ ಕಳೆದವರ ಮೇಲೆ! ಆಮೇಲೆ, ಮುಟ್ಟು ನಿಂತ ಹೊಸತರಲ್ಲೇ ಹಾರ್ಮೋನ್ ಶುರು ಮಾಡಿದವರ ಮೇಲೆ ಬೇರೆ ಪ್ರಯೋಗಗಳು ನಡೆದವು. ಅವರ ನೆನಪಿನ ಶಕ್ತಿಗೆ ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಹಾಗಾಗಿ ಮರೆವು ತಡೆಯೋಕೆ ಹಾರ್ಮೋನ್ ತಗೊಳ್ಳಿ ಅನ್ನುವವರನ್ನೂ ನಾನು ನಂಬುವುದಿಲ್ಲ. ಯಾವ ವಯಸ್ಸಿನಲ್ಲಿ ಶುರು ಮಾಡಿದರು ಅನ್ನುವುದನ್ನು ಮರೆತು ಹೆದರಿಸುವವರನ್ನೂ ನಂಬುವುದಿಲ್ಲ.

ಆ ಹೊತ್ತಿನಲ್ಲಿ ಬರುವ ಮರೆವಿನ ಬಗ್ಗೆಯೂ ಒಂದು ಮಾತು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹೆಂಗಸರು ಹೊಸದನ್ನು ಕಲಿಯುವುದು ಸ್ವಲ್ಪ ನಿಧಾನವಾಗುತ್ತದೆ, ನಂತರ ಮತ್ತೆ ಸುಧಾರಿಸುತ್ತದೆ ಅಂತ ನಡುವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೇ ಹೇಳಿದೆ. ಇದನ್ನು ಯಾರಾದರೂ ನನಗೆ 48ರಲ್ಲಿ ಹೇಳಿದ್ದರೆ! ಅಮ್ಮನ ಕಾಯಿಲೆ ನನಗೂ ಬಂತು ಅಂತ ಆರು ತಿಂಗಳು ನಿದ್ದೆಗೆಟ್ಟೆ.

ಇನ್ನು ಅಂಡಾಶಯ. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡ ಹೆಂಗಸರಲ್ಲಿ ಮುಂದೆ ಮರೆವಿನ ಕಾಯಿಲೆ ಜಾಸ್ತಿ ಅಂತ 2007ರಲ್ಲೇ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಸಂಶೋಧಕರು ಬರೆದರು. ಬಸಿರಿನಲ್ಲಿ ಬಿಪಿ ಏರಿ ಪ್ರಿಎಕ್ಲಾಂಪ್ಸಿಯಾ ಆದವರಲ್ಲಿ, ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಶಿಯಾದ ಸಾಧ್ಯತೆ ಮೂರು ಪಟ್ಟಿಗೂ ಮೀರಿ ಇತ್ತು ಅಂತ 2018ರಲ್ಲಿ ಡೆನ್ಮಾರ್ಕ್‌ನ ಅಧ್ಯಯನ ತೋರಿಸಿತು. ಅಮ್ಮನ ಫೈಲು ನನ್ನ ಮುಂದಿದೆ. ಎರಡು ಬೆರಳು ದಪ್ಪ. ಹಲ್ಲು ಕಟ್ಟಿಸಿದ್ದು ಇದೆ. ಕನ್ನಡಕದ ನಂಬರ್ ಮೂರು ಕಡೆ ಇದೆ. 39ರಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದದ್ದು ಒಂದು ಹಾಳೆಯಲ್ಲೂ ಇಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರೆವಿಗೂ ಗರ್ಭಕೋಶಕ್ಕೂ ಏನು ಸಂಬಂಧ ಅಂತ ಅವಳಿಗೆ ಹೇಗೆ ಗೊತ್ತಿರಬೇಕು? ನಿಮ್ಮ ಅರ್ಜಿಯಲ್ಲಿ ಬಿಪಿ, ಶುಗರ್, ಸಿಗರೇಟ್, ಮದ್ಯಕ್ಕೆ ಚೌಕಗಳಿವೆಯಲ್ಲ. ಮುಟ್ಟು ಯಾವಾಗ ನಿಂತಿತು, ತಾನಾಗಿ ನಿಂತಿತೋ ಆಪರೇಷನ್‌ನಿಂದಲೋ, ಬಸಿರಿನಲ್ಲಿ ಬಿಪಿ ಏರಿತ್ತೋ ಅಂತ ಇನ್ನೂ ಮೂರು ಚೌಕ ಸೇರಿಸಲು ಎಷ್ಟು ಶಾಯಿ ಬೇಕು?

ಸಂಶೋಧಕರೇ, ಈಗ ನಿಮ್ಮ ಕಡೆ ಬರುತ್ತೇನೆ. ನೀವು ಹೆಣ್ಣಿಲಿಗಳನ್ನು ದೂರ ಇಟ್ಟಿದ್ದು ಗೊತ್ತಿದೆ. 2009ರಲ್ಲಿ ಪ್ರಕಟವಾದ ನರವಿಜ್ಞಾನದ ಪ್ರಯೋಗಗಳನ್ನು ಎಣಿಸಿದವರಿಗೆ, ಬರೀ ಹೆಣ್ಣು ಪ್ರಾಣಿಗಳ ಮೇಲೆ ಮಾಡಿದ ಒಂದಕ್ಕೆ ಬರೀ ಗಂಡು ಪ್ರಾಣಿಗಳ ಮೇಲೆ ಮಾಡಿದ ಐದೂವರೆ ಸಿಕ್ಕವು. ಹೆಣ್ಣಿನಲ್ಲಿ ಹಾರ್ಮೋನ್ ಏರಿಳಿದು ಲೆಕ್ಕ ಕೆಡುತ್ತದೆ ಅನ್ನುವುದು ಸಬೂಬು. 2014ರಲ್ಲಿ ನೂರಾರು ಲೇಖನಗಳನ್ನು ಒಟ್ಟಿಗೆ ನೋಡಿದಾಗ ಹೆಣ್ಣಿಲಿಗಳ ಏರುಪೇರು ಗಂಡಿಲಿಗಳಿಗಿಂತ ಜಾಸ್ತಿಯೇನೂ ಇರಲಿಲ್ಲ. ಮನುಷ್ಯರ ಕತೆಯೂ ಇದೇ. ಹೆರುವ ವಯಸ್ಸಿನ ಹೆಂಗಸರನ್ನು ಔಷಧದ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಡಿ ಅಂತ ಅಮೆರಿಕದ ಔಷಧ ಇಲಾಖೆ 1977ರಲ್ಲಿ ಸೂಚಿಸಿತ್ತು. ಅದು 1993ರವರೆಗೆ ನಡೆಯಿತು.

ಈಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿದ್ದೀರಿ, ಒಪ್ಪಿದೆ. ಆದರೆ ಸೇರಿಸಿಕೊಂಡ ಮೇಲೆ ಏನು ಮಾಡುತ್ತೀರಿ? ಲೆಕನೆಮ್ಯಾಬ್ ಅನ್ನುವ ಅಲ್ಜೈಮರ್ಸ್ ಔಷಧವನ್ನೇ ನೋಡಿ. 2022ರಲ್ಲಿ ಫಲಿತಾಂಶ ಬಂದಾಗ ನಾನು ಕಣ್ಣೀರು ಹಾಕಿದ್ದೆ. 1,795 ಜನ, 18 ತಿಂಗಳು, ಕುಸಿತದ ವೇಗ 27 ಶೇಕಡಾ ಕಡಿಮೆ. ಇಷ್ಟು ವರ್ಷಕ್ಕೆ ಏನೋ ಒಂದು ಸಿಕ್ಕಿತಲ್ಲ ಅಂತ. ಆಮೇಲೆ ಒಳಗಿನ ಅಂಕಿ ನೋಡಿದೆ. ಗಂಡಸರಲ್ಲಿ 43 ಶೇಕಡಾ, ಹೆಂಗಸರಲ್ಲಿ 12. ಇದನ್ನು ಹಿಡಿದು ಈ ಔಷಧ ಹೆಂಗಸರಿಗೆ ಕೆಲಸ ಮಾಡಲ್ಲ ಅಂತ ನಾನು ಕೂಗುವುದಿಲ್ಲ. ಆ ಪ್ರಯೋಗ ಈ ಪ್ರಶ್ನೆಗೆ ಉತ್ತರ ಹುಡುಕಲು ಕಟ್ಟಿದ್ದೇ ಅಲ್ಲ. ಆ ಅಂತರ ಆಕಸ್ಮಿಕವಾಗಿಯೂ ಬಂದಿರಬಹುದು. ನನ್ನ ತಕರಾರು ಇರುವುದು ಅಲ್ಲೇ. ಯಾವ ಕಾಯಿಲೆಯ ರೋಗಿಗಳಲ್ಲಿ ಹೆಂಗಸರೇ ಜಾಸ್ತಿಯೋ, ಆ ಕಾಯಿಲೆಯ ಔಷಧ ಹೆಂಗಸರಿಗೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಪ್ರಯೋಗದ ಮೊದಲ ಪ್ರಶ್ನೆಗಳಲ್ಲೇ ಇರಬೇಕಿತ್ತು. ಪರವಾನಗಿ ಕೊಡುವವರೇ, ಇದನ್ನು ಕೇಳುವ ಅಧಿಕಾರ ನಿಮ್ಮ ಕೈಯಲ್ಲಿದೆ. ಮುಂದಿನ ಅರ್ಜಿ ಬಂದಾಗ ಗಂಡು ಹೆಣ್ಣಿನ ಫಲಿತಾಂಶ ಬೇರೆ ಬೇರೆ ಬರೆಯದ ಕಡತವನ್ನು ವಾಪಸ್ ಕಳಿಸಿ. ಹಣ ಕೊಡುವವರೇ, ಆ ಲೆಕ್ಕಕ್ಕೆ ಸಾಲುವಷ್ಟು ಜನರನ್ನು ಸೇರಿಸಿಕೊಳ್ಳಲು ಬೇಕಾದ ಹೆಚ್ಚಿನ ದುಡ್ಡು ಕೊಡಿ.

ಇದೆಲ್ಲ ಬರೀ ಹೆಂಗಸರ ಪರ ವಾದ ಅಂತ ಅಂದುಕೊಳ್ಳಬೇಡಿ. ಕೈಕಾಲು ನಡುಗುವ ಪಾರ್ಕಿನ್ಸನ್ಸ್ ಕಾಯಿಲೆ ಗಂಡಸರಲ್ಲೇ ಜಾಸ್ತಿ. ಡಿಮೆನ್ಶಿಯಾಕ್ಕೆ ಮುಂಚಿನ ಹಂತದ ನೆನಪಿನ ತೊಂದರೆ ಕೂಡ ಮೇಯೊ ಕ್ಲಿನಿಕ್‌ನ ಅಧ್ಯಯನದಲ್ಲಿ ಗಂಡಸರಲ್ಲೇ ಹೆಚ್ಚು ಕಂಡಿತು. ಗಂಡಸರ ಕಾಯಿಲೆ ಅಡಗುವ ಜಾಗ ಮಾತ್ರ ಬೇರೆ. ನಮ್ಮ ಚಿಕ್ಕಪ್ಪನಿಗೆ ಮರೆವು ಇದೆ ಅಂತ ನಮಗೆ ಗೊತ್ತಾದದ್ದು ಚಿಕ್ಕಮ್ಮ ತೀರಿಕೊಂಡ ಮೂರನೇ ವಾರ. ಅಲ್ಲಿಯವರೆಗೆ ಅವರ ಮಾತ್ರೆ, ಬಿಲ್ಲು, ತಾರೀಖು, ಪಾಸ್‌ವರ್ಡ್, ಎದುರು ಬಂದವರ ಹೆಸರು, ಎಲ್ಲ ಚಿಕ್ಕಮ್ಮನ ತಲೆಯಲ್ಲಿತ್ತು. ಡಾಕ್ಟರ್ "ಹೇಗಿದ್ದೀರಿ" ಅಂತ ಕೇಳಿದರೆ ಉತ್ತರ ಕೊಡುತ್ತಿದ್ದದ್ದೂ ಚಿಕ್ಕಮ್ಮನೇ. ಅವರ ನೆನಪು ಅವರ ಪಕ್ಕದ ಕುರ್ಚಿಯಲ್ಲಿ ಕೂತಿತ್ತು. ಡಾಕ್ಟರೇ, ಗಂಡಸರು ಬಂದಾಗ ಹೆಂಡತಿಯನ್ನು ಐದು ನಿಮಿಷ ಆಚೆ ಕೂರಿಸಿ ನೋಡಿ. ಆಮೇಲೆ ಹೆಂಡತಿಯನ್ನು ಒಬ್ಬಳನ್ನೇ ಕರೆದು ಕೇಳಿ.

ದಶಕಗಟ್ಟಲೆ ಹಾರ್ಮೋನ್ ತೆಗೆದುಕೊಂಡ ಟ್ರಾನ್ಸ್‌ಜೆಂಡರ್ ಜನ ಈಗ ಮುಪ್ಪಿಗೆ ಕಾಲಿಡುತ್ತಿದ್ದಾರೆ. ಅವರ ಮಿದುಳಿನ ಬಗ್ಗೆ ನಡೆದ ದೀರ್ಘಕಾಲದ ಅಧ್ಯಯನಗಳು ತೀರಾ ಕಡಿಮೆ. ಮೈಯ ಲೆಕ್ಕ ಬಾಳಿನ ಲೆಕ್ಕ ಎರಡನ್ನೂ ಬೇರೆ ಬೇರೆ ಬರೆದುಕೊಂಡರೆ ಅವರೂ ನಿಮಗೆ ಕಾಣಿಸುತ್ತಾರೆ.

ಬಾಳಿನ ಲೆಕ್ಕಕ್ಕೆ ಮೊದಲ ಸಾಕ್ಷಿ ಶಾಲೆ. ಕಡಿಮೆ ಓದು ಮುಂದೆ ಡಿಮೆನ್ಶಿಯಾದ ಸಾಧ್ಯತೆ ಹೆಚ್ಚಿಸುತ್ತದೆ. ಇಡೀ ಒಂದು ತಲೆಮಾರಿನ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ, ಎಪ್ಪತ್ತು ವರ್ಷದ ನಂತರ ಅವರ ಮರೆವಿಗೆ ಹಾರ್ಮೋನ್ ಕಾರಣ ಅಂದರೆ ಅದು ಅನ್ಯಾಯ. ಯುರೋಪಿನ ಹಲವು ದೇಶಗಳನ್ನು ಹೋಲಿಸಿದ 2014ರ ಅಧ್ಯಯನದಲ್ಲಿ ಓದು, ಬದುಕಿನ ಸ್ಥಿತಿ ಸುಧಾರಿಸಿದಂತೆ ಹೆಂಗಸರ ನೆನಪಿನ ಶಕ್ತಿಗೆ ಗಂಡಸರಿಗಿಂತ ಜಾಸ್ತಿ ಲಾಭವಾಗಿತ್ತು. ಕೆಲಸದ ವಿಷಯವೂ ಹಾಗೇ. ದುಡಿಯುವ ವಯಸ್ಸಿನಲ್ಲಿ ಸಂಬಳದ ಕೆಲಸ ಮಾಡಿದ ಅಮೆರಿಕದ ಹೆಂಗಸರ ನೆನಪು, ಮಾಡದವರಿಗಿಂತ ಮುಪ್ಪಿನಲ್ಲಿ ನಿಧಾನವಾಗಿ ಕುಸಿಯಿತು ಅಂತ 2020ರ ಅಧ್ಯಯನವೊಂದು ಹೇಳುತ್ತದೆ. ಮಕ್ಕಳಿಗಾಗಿ ಕೆಲವು ವರ್ಷ ಬಿಟ್ಟು ಮತ್ತೆ ಸೇರಿದವರಿಗೂ ಆ ಲಾಭ ಇತ್ತು.

ಎರಡನೆಯ ಸಾಕ್ಷಿ ನಮ್ಮ ಅಕ್ಕ. ಡಿಮೆನ್ಶಿಯಾ ಇರುವವರ ಆರೈಕೆಗೆ ಹೋಗುವ ಗಂಟೆಗಳಲ್ಲಿ 70 ಶೇಕಡಾ ಹೆಂಗಸರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮ್ಮನನ್ನು ನೋಡಿಕೊಳ್ಳಲು ಅಕ್ಕ ಕೆಲಸ ಬಿಟ್ಟಳು. ನಾಲ್ಕು ವರ್ಷದಿಂದ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿಲ್ಲ. ಗೆಳತಿಯರ ಫೋನ್ ಬರುವುದು ನಿಂತಿದೆ. ನಡೆಯಲು ಹೋಗುವುದು ನಿಂತಿದೆ. ಬಿಪಿ ಮಾತ್ರೆ ಶುರುವಾಗಿದೆ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ತಿದ್ದಿಕೊಳ್ಳಬಹುದಾದ 14 ಅಪಾಯಗಳ ಪಟ್ಟಿ ಕೊಟ್ಟು, ಅವುಗಳನ್ನು ಸರಿಪಡಿಸಿದರೆ ಸುಮಾರು 45 ಶೇಕಡಾ ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂದಿತು. ಒಂಟಿತನ, ಖಿನ್ನತೆ, ಬಿಪಿ, ಮೈ ಅಲುಗಾಡದಿರುವುದು, ಎಲ್ಲ ಆ ಪಟ್ಟಿಯಲ್ಲಿವೆ. ಆ ಪಟ್ಟಿ ಹಿಡಿದು ಅಕ್ಕನ ದಿನವನ್ನು ನೋಡಿದರೆ ಮೂರು ಕಡೆಯಾದರೂ ಗುರುತು ಹಾಕಬೇಕಾಗುತ್ತದೆ. ಅಮ್ಮನ ಜೊತೆ ಪ್ರತಿ ಸಲ ಆಸ್ಪತ್ರೆಗೆ ಬರುವವಳು ಅವಳೇ. ಅವಳ ಬಿಪಿಯನ್ನು ಇದುವರೆಗೆ ಅಲ್ಲಿ ಯಾರೂ ನೋಡಿಲ್ಲ. ಬಿಪಿ ನೋಡುವ ಯಂತ್ರ ಮೇಜಿನ ಮೇಲೇ ಇರುತ್ತದೆ.

ಮುಂದಿನ ತಿಂಗಳು ನನ್ನದೇ ಪರೀಕ್ಷೆ ಇದೆ. ನನಗೆ ಈಗ 52. ಅದೇ ಥರದ ಕೋಣೆ, ಅದೇ ಥರದ ಪದಗಳ ಪಟ್ಟಿ ಇರುತ್ತದೆ ಅಂದುಕೊಂಡಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ನಾನೂ ಪದಬಂಧವನ್ನು ಪೆನ್ನಿನಲ್ಲೇ ತುಂಬುವವಳು. ಪದ ಓದಲು ಶುರು ಮಾಡುವ ಮೊದಲು, ನನ್ನ ಅಂಕವನ್ನು ಯಾವ ಕೋಷ್ಟಕದಲ್ಲಿ ನೋಡುತ್ತೀರಿ ಅಂತ ಕೇಳುತ್ತೇನೆ. ಉತ್ತರ ಸಿದ್ಧ ಇಟ್ಟುಕೊಂಡಿರಿ.

ಇಂತಿ,
ಏಳು ಪದ ನೆನಪಿಟ್ಟುಕೊಂಡಿದ್ದ ಅಮ್ಮನ ಕಿರಿಮಗಳು